ಮಸಿಯ ಅಂಕಿ ನೋಡುವ ಕೆಲಸ

ಇದನ್ನು ಬರೆಯಬೇಕೆಂದು ಕೂತು, ಬರೆಯದೆ ಎದ್ದು ಹೋದದ್ದು ಎಷ್ಟೋ ಸಲ. ಕಣ್ಣಿನ ಆಪರೇಷನ್ ಆಗಲಿ ಎಂದೆ, ಆಯಿತು. ಬೇಸಿಗೆ ಕಳೆಯಲಿ ಎಂದೆ, ಕಳೆಯಿತು. ಹೇಳಬೇಕಾಗಿರುವುದು ಒಂದು ಕಾರಿನ ಹೊಗೆಪೈಪಿನ ವಿಷಯ. ಅಷ್ಟಕ್ಕೆ ಇಷ್ಟು ನೆಪಗಳೇ ಎಂದು ಯಾರಾದರೂ ನಕ್ಕರೆ ಅದೂ ಸರಿಯೇ.

ನಾನು ಮೆಟ್ರಿಕ್ ಮುಗಿಸಿ ಬೀದರ್ ಕಡೆಯಿಂದ ಹೈದರಾಬಾದಿಗೆ ಬಂದವನು. ಬೇಗಂಪೇಟೆಯ ಒಂದು ಕಚೇರಿಯಲ್ಲಿ ಜೀಪಿನ ಡ್ರೈವರ್ ಆದೆ, ಅಲ್ಲಿಯೇ ನಿವೃತ್ತನಾದೆ. ನನಗೆ ಗಾಡಿ ಕಲಿಸಿದ ಉಸ್ತಾದರು ಒಂದು ಮಾತು ಹೇಳುತ್ತಿದ್ದರು: "ಡೀಸೆಲ್ ಎಂಜಿನ್ ಅಂದ್ರ ಎಮ್ಮಿ ಇದ್ದಂಗ. ಎಬ್ಬಿಸಿದ ಕೂಡ್ಲೆ ಓಡಸಬ್ಯಾಡ. ಮೈ ಮುರಿಯಾಕ ಬಿಡು." ಹಾಗಾಗಿ ದಿನಾ ಬೆಳಿಗ್ಗೆ ಗಾಡಿ ಚಾಲೂ ಮಾಡಿ, ಬಾನೆಟ್ಟಿಗೆ ಊದುಬತ್ತಿ ತೋರಿಸಿ, ಒಂದು ಲೋಟ ಚಹಾ ಮುಗಿಯುವವರೆಗೆ ಎಂಜಿನ್ನನ್ನು ಹಾಗೆಯೇ ಗುರುಗುಟ್ಟಲು ಬಿಡುವುದು ನನ್ನ ರೂಢಿಯಾಯಿತು. ಆ ಜೀಪು ಒಂದು ದಿನವೂ ದಾರಿಯಲ್ಲಿ ನನ್ನ ಕೈಬಿಡಲಿಲ್ಲ.

ನಿವೃತ್ತಿಯ ಮೇಲೆ ಗಚ್ಚಿಬೌಲಿಯಲ್ಲಿ ಮಗನ ಫ್ಲ್ಯಾಟಿಗೆ ಬಂದೆ. ಹೆಂಡತಿ ಮೊದಲೇ ತೀರಿಹೋಗಿದ್ದಳು. ಆಗ ಅಲ್ಲಿ ದಿನಕ್ಕೊಂದು ಗಾಜಿನ ಕಟ್ಟಡ ಏಳುತ್ತಿತ್ತು, ರಸ್ತೆಯ ತುಂಬ ಕಂಪನಿ ಕ್ಯಾಬುಗಳು. ಮಗ ಔಷಧ ಮಾರಾಟದ ಕೆಲಸದವನು, ಅರ್ಧ ತಿಂಗಳು ಪರವೂರಿನಲ್ಲೇ ಇರುತ್ತಿದ್ದ. ಸೊಸೆಗೆ ಹತ್ತಿರದ ಐಟಿ ಕ್ಯಾಂಪಸ್ಸಿನಲ್ಲಿ ಕೆಲಸ. ಅವರು, ಹೊಗೆ ಕಡಿಮೆ ಇರಬೇಕೆಂಬ ಹೊಸ ನಿಯಮದ ಡೀಸೆಲ್ ಕಾರು ಕೊಂಡಾಗ ಸೊಸೆಗೆ ನಲವತ್ತರ ಹತ್ತಿರ. ಹಟ ಹಿಡಿದು ಡ್ರೈವಿಂಗ್ ಕಲಿತಳು. ಹೈಹೀಲ್ಡಿನಲ್ಲಿ ಕ್ಲಚ್ ಸಿಗುವುದಿಲ್ಲವೆಂದು ಒಂದು ಜೊತೆ ಚಪ್ಪಟೆ ಚಪ್ಪಲಿಯನ್ನು ಸೀಟಿನ ಕೆಳಗೇ ಇಟ್ಟಿದ್ದಳು. ಅವಳ ಆಸೆ ಒಂದೇ. ದಿಲ್‌ಸುಖ್‌ನಗರದಲ್ಲಿ ಅವಳ ತಾಯಿ ಒಬ್ಬರೇ ಇದ್ದರು, ಮೊಣಕಾಲು ಹಿಡಿದು ಮನೆಯಿಂದ ಹೊರಗೇ ಬಾರದವರು. ಅವರನ್ನು ತಾನೇ ಕೂರಿಸಿಕೊಂಡು ಊರೆಲ್ಲ ಸುತ್ತಿಸಬೇಕು. "ನಮ್ಮವ್ವ ಹೈಟೆಕ್ ಸಿಟಿ ಟಿವಿಯಾಗಷ್ಟೇ ನೋಡ್ಯಾಳ್ರಿ ಮಾವಾರ, ಇದೇ ಊರಾಗ ಇದ್ದು!" ಎನ್ನುತ್ತಿದ್ದಳು.

ಬೆಳಿಗ್ಗೆ ಕಾರು ಹೊರಗೆ ತೆಗೆಯುವುದು, ಸಂಜೆ ಅವಳು ಗೇಟಿನ ಹತ್ತಿರ ಇಳಿದ ಮೇಲೆ ಇಕ್ಕಟ್ಟಿನ ಪಾರ್ಕಿಂಗಿನಲ್ಲಿ ನಿಲ್ಲಿಸುವುದು ನನ್ನ ಕೆಲಸ. ಬೆಳಗಿನ ಕಾಯಿಸುವಿಕೆಯನ್ನು ನಾನು ಈ ಕಾರಿನಲ್ಲೂ ಬಿಡಲಿಲ್ಲ. ಅಂಗಳದಲ್ಲಿ ಚಾಲೂ ಮಾಡಿಟ್ಟು ಚಹಾ ಕುಡಿಯುತ್ತ ನಿಲ್ಲುತ್ತಿದ್ದೆ. ವಾಚ್‌ಮನ್ ತೆಲುಗಿನಲ್ಲಿ ಚುಡಾಯಿಸುತ್ತಿದ್ದ: "ಏಂ ತಾತಾ, ಬಂಡಿಕಿ ಚಲಿ ಪೆಡ್ತುಂದಾ? ಸ್ವೆಟರ್ ಕೊನು!" ಗಾಡಿಗೆ ಚಳಿಯಾದರೆ ಸ್ವೆಟರ್ ಕೊಡಿಸು ಅಂತ. ನಾನು ನಗುತ್ತಿದ್ದೆ. ಇವನಿಗೇನು ಗೊತ್ತು ಡೀಸೆಲ್ಲಿನ ವಿಷಯ ಎಂಬ ನಗು ಅದು.

ಕೆಲವು ತಿಂಗಳಲ್ಲೇ ಕಾರಿನಲ್ಲಿ ಹಳದಿ ದೀಪ ಹತ್ತಿತು. ಕಾರು ಉಸಿರು ಕಟ್ಟಿದಂತೆ ಎಳೆಯತೊಡಗಿತು. ವರ್ಕ್‌ಶಾಪಿನ ಮೆಕ್ಯಾನಿಕ್ ವಿವರಿಸಿದ. ಹೊಗೆಪೈಪಿನಲ್ಲಿ ಒಂದು ಫಿಲ್ಟರ್ ಇರುತ್ತದೆ, ಹೊಗೆಯ ಮಸಿಯನ್ನು ಅದು ಹಿಡಿದಿಡುತ್ತದೆ. ತುಂಬುತ್ತ ಬಂದಾಗ ಕಾರು ತಾನಾಗಿಯೇ ಪೈಪನ್ನು ಕೆಂಡದಂತೆ ಕಾಯಿಸಿ ಮಸಿಯನ್ನು ಸುಟ್ಟುಕೊಳ್ಳುತ್ತದೆ. ಆದರೆ ಅದಕ್ಕೆ ಸ್ವಲ್ಪ ದೂರ ಒಂದೇ ವೇಗದಲ್ಲಿ ಓಡಬೇಕು. ಯಂತ್ರ ಹಚ್ಚಿ ಮಸಿ ಸುಟ್ಟುಕೊಟ್ಟು ಅವನೆಂದ: "ಚಚಾ, ಯೇ ಗಾಡಿ ಕೋ ದೌಡಾನಾ. ಬಿಠಾಕೆ ನಕ್ಕೋ ರಖೋ." ಓಡಿಸಿ, ಕೂರಿಸಬೇಡಿ. ಇನ್ನೊಮ್ಮೆ ಹೀಗಾದರೆ ಫಿಲ್ಟರೇ ಹೋದೀತು ಎಂದೂ ಎಚ್ಚರಿಸಿದ.

ಕೂರಿಸಬೇಡಿ ಎಂದ ಮಾತು ನನಗೆ ಅಂದೇ ತಾಗಬೇಕಿತ್ತು. ಆದರೆ ಮನೆಗೆ ಮರಳುವ ದಾರಿಯಲ್ಲಿ, ಜೊತೆಗಿದ್ದ ಮಗ, "ಯಾಕ ಹಿಂಗಾತಪ್ಪಾ?" ಎಂದು ಕೇಳಿದಾಗ ಸಿದ್ಧ ಉತ್ತರ ಬಾಯಿಗೆ ಬಂತು. "ಮತ್ತೇನು, ನಿನ್ನ ಹೆಂಡ್ತಿ ಒಂದನೇ ಗೇರಿನ್ಯಾಗ ತೆವಳಸ್ತಾಳ. ಸಂಜಿಗೆ ನಾ ಕೈಗಿ ತಗೋಳೂದ್ರಾಗ ಫ್ಯಾನ್ ಭರ್ರ್ ಅಂತಿರತೈತಿ, ಕಾದ ವಾಸನಿ ಬರತೈತಿ. ನಾ ದಬಕ್ಕನ ಬಂದ್ ಮಾಡ್ತೀನಿ, ಇಲ್ಲಾಂದ್ರ ಎಂಜಿನ್ನ ಉಳಿತಿರಲಿಲ್ಲ."

ಆ ಮನೆಯಲ್ಲಿ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಮೊಬೈಲು, ಬ್ಯಾಂಕು, ಮೊಮ್ಮಗಳ ಪಾಠ, ಯಾವುದೂ ನನಗೆ ತಿಳಿಯದು. ಗಾಡಿಯೊಂದರ ವಿಷಯದಲ್ಲಿ ಮಾತ್ರ ನನ್ನ ಮಾತಿಗೆ ತೂಕವಿತ್ತು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಮಗ ಒಂದು ಪುಟ್ಟ ಸಾಧನ ತಂದು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದ. ಫಿಲ್ಟರಿನಲ್ಲಿ ಎಷ್ಟು ಮಸಿ ತುಂಬಿದೆ ಎಂಬುದನ್ನು ಅದು ಮೊಬೈಲಿನಲ್ಲಿ ನೂರಕ್ಕೆ ಇಷ್ಟೆಂದು ತೋರಿಸುತ್ತಿತ್ತು. "ಅಪ್ಪಾ, ನೀ ಮನ್ಯಾಗ ಇರ್ತಿ. ದಿನಾ ನೋಡಿ ನನಗ ಹೇಳು," ಎಂದ. ಹೀಗೆ ಮಸಿಯ ಅಂಕಿ ನೋಡುವ ಕೆಲಸ ನನಗೆ ಬಂತು. ದೊಡ್ಡ ಅಧಿಕಾರ ಸಿಕ್ಕಂತೆ ಕನ್ನಡಕ ಒರೆಸಿಕೊಂಡು ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಎಂಜಿನ್ ಕಾಯಲು ಬಿಟ್ಟು, ಚಹಾ ಗುಟುಕರಿಸುತ್ತ ಮೊಬೈಲು ಹಿಡಿದಿದ್ದೆ. ಕಾರು ನಿಂತಲ್ಲೇ ನಿಂತಿತ್ತು. ನಲವತ್ತೊಂದು ಇದ್ದ ಅಂಕಿ ನಲವತ್ತೆರಡಾಯಿತು. ಚಹಾ ಮುಗಿಯುವ ಹೊತ್ತಿಗೆ ನಲವತ್ತಮೂರು. ಸೊಸೆ ಇನ್ನೂ ಮೇಲೆ ತಲೆ ಬಾಚಿಕೊಳ್ಳುತ್ತಿದ್ದಳು.

ಮರುದಿನವೂ ನೋಡಿದೆ, ಅದರ ಮರುದಿನವೂ. ಏರುತ್ತಿದ್ದದ್ದು ನನ್ನ ಕೈಯಲ್ಲೇ. ಒಂದು ಸಂಜೆ, ಫ್ಯಾನ್ ಭರ್ರೆನ್ನುತ್ತಿದ್ದಾಗ ಬಂದ್ ಮಾಡದೆ ಮೊಬೈಲು ನೋಡುತ್ತ ಕೂತೆ. ಅಂಕಿ ಒಂದೊಂದಾಗಿ ಇಳಿಯುತ್ತಿತ್ತು. ಅವಳು ಓಡಿಸಿಕೊಂಡು ಬರುವಾಗ ಶುರುವಾದದ್ದು ಇನ್ನೂ ಮುಗಿದಿರಲಿಲ್ಲ, ಕಾರು ತನ್ನ ಮಸಿ ಸುಟ್ಟುಕೊಳ್ಳುವ ಹೊತ್ತು ಅದು. ಇಷ್ಟು ದಿನ ಅದು ಸುಡಲು ಶುರು ಮಾಡಿದಾಗಲೆಲ್ಲ, ಎಂಜಿನ್ ಉಳಿಸುವ ಜಂಬದಲ್ಲಿ, ನಾನೇ ಕೀಲಿ ತಿರುಗಿಸಿ ಕೆಡಿಸಿದ್ದೆ.

ಗೊತ್ತಾದ ಮೇಲೆ ಹೇಳಬಹುದಿತ್ತು. ಹೇಳಲಿಲ್ಲ. ಒಮ್ಮೆಗೇ ಬಿಟ್ಟರೆ ಎಲ್ಲರಿಗೂ ಗೊತ್ತಾದೀತೆಂದು ಬೆಳಗಿನ ಕಾಯಿಸುವಿಕೆಯನ್ನೂ ಬಿಡಲಿಲ್ಲ. ಬೆಳಿಗ್ಗೆ ಕಂಡ ಅಂಕಿಯನ್ನು ಸಂಜೆ ಅವಳು ಬಂದ ಮೇಲೆ ಏರಿದ್ದು ಎಂಬಂತೆ ಫೋನಿನಲ್ಲಿ ಮಗನಿಗೆ ಹೇಳುತ್ತಿದ್ದೆ. ಎರಡನೆಯ ಸಲ ದೀಪ ಹತ್ತಿದಾಗ ಮಗ ಊರಿನಲ್ಲಿದ್ದ. ಊಟಕ್ಕೆ ಕೂತಲ್ಲೇ ಅವಳಿಗೆ ಅಂದ: "ಸಾಕಿನ್ನ. ನೀ ಕ್ಯಾಬಿನ್ಯಾಗ ಹೋಗು. ಗಾಡಿ ನಾ ಟೂರಿಗೆ ಒಯ್ತೀನಿ."

"ನಾ ಏನ್ ತಪ್ಪ್ ಮಾಡಾಕತ್ತೀನಿ ಅಂತರೆ ಹೇಳ್ರಿ, ತಿದ್ದಿಕೋತೀನಿ," ಎಂದು ಅವಳು ನನ್ನ ಕಡೆ ನೋಡಿದಳು. ಡ್ರೈವರ್ ನಾನಲ್ಲವೇ. ನಾನು ಉಪ್ಪಿನಕಾಯಿ ಹಾಕಿಸಿಕೊಂಡೆ.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ನಾನು ಸದ್ದಿಲ್ಲದೆ ಬೆಳಗಿನ ಕಾಯಿಸುವಿಕೆಯನ್ನು ಬಿಟ್ಟೆ. ಮಗ ಹೆದ್ದಾರಿಯಲ್ಲಿ ಓಡಿಸಿದ. ಪುಣ್ಯಕ್ಕೆ ಫಿಲ್ಟರ್ ಹೋಗಿರಲಿಲ್ಲ, ಅಂಕಿ ಇಳಿಯಿತು, ಮೊದಲಿನಂತೆ ಸರಸರ ಏರುವುದೂ ನಿಂತಿತು. "ನೋಡಿದ್ಯಾ? ನೀ ಬಿಟ್ಟಿ, ಗಾಡಿ ಸುಧಾರಿಸ್ತು," ಎಂದು ಮಗ ನಗೆಯಾಡಿದ. ಅವಳೂ ನಕ್ಕಳು. "ಹೋಗ್ಲಿ ಬಿಡ್ರಿ, ನನ್ನ ಕೈಗೆ ಆ ವಿದ್ಯಾ ಹತ್ತಲಿಲ್ಲ." ಮರುದಿನ ಸೀಟಿನ ಕೆಳಗಿನ ಚಪ್ಪಲಿಗಳನ್ನು ತೆಗೆದು ಕೆಲಸದವಳಿಗೆ ಕೊಟ್ಟುಬಿಟ್ಟಳು.

ಅದನ್ನು ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ. ತಪ್ಪಿಲ್ಲದ ಹೆಂಗಸು ತನ್ನ ಕೈಯನ್ನೇ ನಂಬದ ಹಾಗೆ ಮಾಡಿದ್ದೆ. ಭಾನುವಾರ ಮಗ ಕಾರನ್ನು ಮನೆಯಲ್ಲೇ ಬಿಟ್ಟು ರೈಲಿನಲ್ಲಿ ಹೋಗಿದ್ದ. ಕೀಲಿ ತಂದು ಅವಳ ಮುಂದಿಟ್ಟೆ. "ನಡಿಯವಾ, ರಿಂಗ್ ರೋಡಿಗೆ ಹೋಗೂಣು. ನೀನೇ ಓಡ್ಸು."

"ಬ್ಯಾಡ್ರಿ ಮಾವಾರ. ಮತ್ತ ದೀಪ ಹತ್ತಿದ್ರ?"

"ಹತ್ತಿದ್ರ ನನ್ನ ಮ್ಯಾಲ."

ಬರಿಗಾಲಲ್ಲೇ ಕೂತಳು. ಔಟರ್ ರಿಂಗ್ ರೋಡಿಗೆ ಏರಿದಾಗ ಅವಳ ಭುಜ ಬಿಗಿದಿತ್ತು. ನಾನು ಪಕ್ಕದಲ್ಲಿ ಮೊಬೈಲು ಹಿಡಿದು ಅಂಕಿ ಓದುತ್ತಿದ್ದೆ. ಮಗ ಆ ವಾರ ಊರೊಳಗಷ್ಟೇ ಓಡಿಸಿದ್ದರಿಂದ ಅದು ಮತ್ತೆ ಐವತ್ತು ದಾಟಿತ್ತು. ವೇಗ ಒಂದೇ ಸಮ ನಿಂತ ಮೇಲೆ ಅದು ಇಳಿಯತೊಡಗಿತು. "ಐವತ್ತು... ನಲವತ್ತಾರು... ಹಿಂಗ ಹಿಡಿ, ಕಾಲು ಅಳ್ಳಾಡಸಬ್ಯಾಡ... ಮೂವತ್ತೆಂಟು." ಅವಳು ಕನ್ನಡಿ ನೋಡಿ, ಸಿಗ್ನಲ್ ಹಾಕಿ, ಒಂದು ಟ್ಯಾಂಕರನ್ನು ಹಿಂದಿಕ್ಕಿದಳು. ಅಷ್ಟು ನೀಟಾಗಿ ನಾನೂ ಮಾಡುತ್ತಿರಲಿಲ್ಲ. "ಇಳಿಯಾಕತ್ತೈತೇನ್ರಿ ಖರೇನ? ನನ್ನ ಕೈಯಾಗ?" ಎಂದು ಕೇಳಿದಳು. ಹದಿನೆಂಟಕ್ಕೆ ಬಂದಾಗ ಎಡಗೈಯಿಂದ ಸ್ಟೀರಿಂಗ್ ತಟ್ಟಿ ಮಗುವಿನಂತೆ ಕೂಗಿದಳು.

ಸ್ವಲ್ಪ ದೂರ ಹೋದ ಮೇಲೆ, ರಸ್ತೆಯ ಮೇಲಿನ ಕಣ್ಣು ತೆಗೆಯದೆ ಅಂದಳು: "ಮಾವಾರ, ಮುಂಜಾನಿ ಗಾಡಿ ಚಾಲೂ ಮಾಡಿ ಚಾ ಕುಡೀತಿದ್ರೆಲ್ಲ, ಈಗ ಯಾಕ ಬಿಟ್ರಿ?"

ನಾನು ಮೊಬೈಲಿನತ್ತ ಬಾಗಿದೆ. "ಸುಮ್ಮ ಡೀಸೆಲ್ ಹಾಳು," ಎಂದೆ.

"ಹೌದ್ರಿ," ಎಂದಳು. ಸಿಗ್ನಲ್ ಹಾಕಿ ಎಡಕ್ಕೆ ಸರಿದಳು.

ಮಗ ಊರಿಂದ ಬಂದ ದಿನ ಅವನೆದುರು ಎಲ್ಲವನ್ನೂ ಹೇಳಿದೆ. ಮೊದಲು ಸಿಟ್ಟಾದ. ಆಮೇಲೆ ತಲೆ ಹಿಡಿದುಕೊಂಡು, "ಅಲ್ಲಪ್ಪಾ, ನಾನೂ ನಿನ್ನ ಮಾತು ಕೇಳಿ ಅಕಿಗೆ ಏನೇನಂದೆ!" ಎಂದು ಅಡುಗೆಮನೆಗೆ ಹೋದ. ಅಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಹೊರಗೆ ಬಂದಾಗ ಕೀಲಿ ಅವಳ ಕೈಯಲ್ಲಿತ್ತು. ಮುಂದಿನ ಭಾನುವಾರವೇ ದಿಲ್‌ಸುಖ್‌ನಗರಕ್ಕೆ ಹೋಗಿ ತಾಯಿಯನ್ನು ಕರೆತಂದಳು. ಬೀಗಿತ್ತಿ ಮುಂದಿನ ಸೀಟಿನಲ್ಲಿ ಕೂತು, ಗಾಜಿನ ಕಟ್ಟಡ ಕಂಡಲ್ಲೆಲ್ಲ "ಇದೂ ಆಫೀಸೇನ? ಇದೂನಾ? ಮತ್ತ ಮಂದಿ ಎಲ್ಲಿ ಇರ್ತಾರ?" ಎಂದು ಕೇಳುತ್ತ ಬಂದರಂತೆ. ಅವರೀಗ ತಿಂಗಳಿಗೊಮ್ಮೆಯಾದರೂ ಬರುತ್ತಾರೆ. ಪ್ರತಿ ಸಲ ಮಗಳದೇ ಡ್ರೈವಿಂಗ್. ಆ ದಾರಿಯ ಓಟಕ್ಕೆ ಫಿಲ್ಟರೂ ಆರೋಗ್ಯವಾಗಿದೆ.

ನನ್ನ ತಪ್ಪನ್ನು ಮೆಕ್ಯಾನಿಕ್‌ಗೂ ಹೇಳಿದೆ, ಅವನು ಬೆನ್ನು ತಟ್ಟಿ ಚಹಾ ತರಿಸಿದ. ಪಾರ್ಕಿನಲ್ಲಿ ಕೂರುವ ಮುದುಕರಿಗೂ ಹೇಳಿದೆ. ಈಗ ಕಾಗದದ ಮೇಲೂ ಹೇಳಿದ್ದೇನೆ, ಅದೂ ಕನ್ನಡದಲ್ಲಿ. ಇಲ್ಲಿಯೇ ಹುಟ್ಟಿ ತೆಲುಗು ಶಾಲೆಯಲ್ಲಿ ಕಲಿತ ಅವಳು ಕನ್ನಡ ಮಾತಾಡಬಲ್ಲಳು, ಓದಲಾರಳು. ಹಾಗಾಗಿ ಇದನ್ನು ನಾನೇ ಎದುರಿಗೆ ಕೂತು ಓದಿ ಹೇಳಬೇಕು. ಹೇಳಿದರೆ ನಕ್ಕಾಳು ಎಂಬ ಧೈರ್ಯವಿದೆ. ಆದರೂ ತಪ್ಪು ನನ್ನದು, ಕ್ಷಮಿಸು ಎಂಬ ಮಾತನ್ನು ನಾನು ಈವರೆಗೆ ಹೇಳದೆ ಉಳಿಸಿಕೊಂಡಿರುವುದು ಒಬ್ಬಳಿಗೇ, ನನ್ನ ಸೊಸೆಗೆ.