ಗಿಟಾರಿನ ಕತ್ತಿಗೆ ಕಾಲು ಸುತ್ತು

ಈ ಭಾನುವಾರ ನಾನು ಮಾಡಿದ ಕೆಲಸಗಳು ಇಷ್ಟು. ಹಾಲಿನ ಬೂತಿನ ಕ್ಯೂನಲ್ಲಿ ನಿಂತು ಎರಡು ಬಾಟಲಿ ಹಾಲು ತಂದೆ. ಸೀಮೆಎಣ್ಣೆ ಸ್ಟೌವಿನ ಬತ್ತಿಗಳನ್ನು ಸಮನಾಗಿ ಕತ್ತರಿಸಿದೆ. ರಾಗಿ ಕೇರಿ ಮಿಲ್ಲಿಗೆ ಕೊಟ್ಟು ಬಂದೆ. ನಮ್ಮವರ ಎರಡು ಖಾಕಿ ಅಂಗಿಗಳನ್ನು ಸೋಪಿನ ನೀರಿನಲ್ಲಿ ನೆನೆಸಿದೆ (ಕಾಲರಿನ ಗ್ರೀಸು ಈ ಜನ್ಮದಲ್ಲಿ ಹೋಗುವುದಿಲ್ಲ). ಹುರುಳಿಕಾಳು ಬೇಯಲು ಇಟ್ಟೆ. ಆಮೇಲೆ ಹತ್ತೂವರೆ ಹೊತ್ತಿಗೆ ಒಂದು ಎಲೆಕ್ಟ್ರಿಕ್ ಗಿಟಾರಿನ ಪ್ರಾಣ ಉಳಿಸಿದೆ.

ಕೊನೆಯದನ್ನು ಓದಿ ನನ್ನನ್ನು ಹೊಗಳಬೇಡಿ. ಮೂರು ದಿನದಿಂದ ಆ ಗಿಟಾರು ರಿಪೇರಿಯಾಗದೆ ಹೋಗಲಿ ಎಂದು ಮನಸ್ಸಿನಲ್ಲೇ ಹಾರೈಸುತ್ತಿದ್ದವಳು ನಾನೇ.

ನಮ್ಮವರು ಕಾರ್ಖಾನೆಯ ಟೂಲ್ ರೂಮಿನಲ್ಲಿ ಫಿಟ್ಟರ್. ಇದು ಯಶವಂತಪುರದ ನಮ್ಮ ವಠಾರಕ್ಕೆಲ್ಲ ಗೊತ್ತು. ಗುರುವಾರ ಸಂಜೆ ಅವರು ಫ್ಯಾಕ್ಟರಿ ಬಸ್ಸಿಳಿದು ಕಾಫಿ ಕುಡಿಯುತ್ತಿದ್ದಾಗ ವಠಾರದ ಆ ತುದಿಯ ಮಹಡಿ ಕೋಣೆಯ ಸ್ಟೆಲ್ಲಾ ಗಿಟಾರು ಹಿಡಿದು ಇಳಿದು ಬಂದಳು. ಆಫೀಸೊಂದರಲ್ಲಿ ಟೈಪಿಸ್ಟು, ಇಪ್ಪತ್ತಮೂರು ವರ್ಷದ ಹುಡುಗಿ. ಸಂಜೆ ಹೊತ್ತು ಒಂದು ಆರ್ಕೆಸ್ಟ್ರಾದಲ್ಲಿ ನುಡಿಸುತ್ತಾಳೆ.

"ಅಂಕಲ್, ಒಂದ್ ನಿಮಿಷ ನೋಡ್ತೀರಾ? ಅಂಗಡಿಯವ್ರು ಇದನ್ನ ಮದ್ರಾಸಿಗೇ ಕಳಿಸ್ಬೇಕು ಅಂದ್ಬಿಟ್ರು. ಭಾನುವಾರ ಸಾಯಂಕಾಲ ಆರ್.ಟಿ. ನಗರದಲ್ಲಿ ಪ್ರೋಗ್ರಾಂ ಇದೆ. ನಂಗೊಬ್ಬಳಿಗೇ ಅಂತ ಒಂದು ಪೀಸ್ ಕೊಟ್ಟಿರೋದು ಇದೇ ಮೊದಲ್ನೇ ಸಲ."

"ಏನಾಗಿದೆಯಮ್ಮಾ?"

"ತಂತಿ ಎಷ್ಟು ಮೇಲಿದೆ ನೋಡಿ. ಒತ್ತಿ ಒತ್ತಿ ಬೆರಳೇ ಹೋಯ್ತು."

ಎಡಗೈ ಚಾಚಿ ತೋರಿಸಿದಳು. ಬೆರಳ ತುದಿಗಳಲ್ಲಿ ಕೆಂಪಗೆ ಗೀರು ಬಿದ್ದಿತ್ತು. ಅಯ್ಯೋ ಪಾಪ ಎನ್ನಬೇಕಿತ್ತು ನಾನು. ಅನ್ನಲಿಲ್ಲ. ಒಂದು ಕಾಲಕ್ಕೆ ನನ್ನ ಬೆರಳಲ್ಲೂ ಅಂಥದೇ ಗೀರುಗಳಿದ್ದವು, ವೀಣೆಯ ತಂತಿಯವು. ಈಗ ಇರುವುದು ಈಳಿಗೆಮಣೆಯವು ಮಾತ್ರ.

ನಮ್ಮವರು ಗಿಟಾರನ್ನು ಬಂದೂಕಿನ ಹಾಗೆ ಕಣ್ಣಿಗೆ ಹಿಡಿದು ಉದ್ದಕ್ಕೂ ನೋಡಿದರು. "ಕತ್ತು ಬಗ್ಗಿದೆ ಕಣಮ್ಮಾ. ಬಿಲ್ಲಾಗಿದೆ. ಬಿಟ್ಟು ಹೋಗು, ನಾನು ನೋಡ್ತೀನಿ."

ನಾನು ನೋಡ್ತೀನಿ! ಈ ಎರಡು ಶಬ್ದ ಕೇಳಲು ನಮ್ಮ ಬಚ್ಚಲಿನ ನಲ್ಲಿ ಎಷ್ಟು ತಿಂಗಳಿಂದ ಕಣ್ಣೀರು ಸುರಿಸುತ್ತಿದೆ, ಗೊತ್ತೇ? ನಲ್ಲಿಯ ಮಾತು ಬಿಡಿ. ಬೀರುವಿನ ಮೇಲೆ ನನ್ನ ಹಳೆಯ ಸೀರೆ ಹೊದ್ದುಕೊಂಡು ನನ್ನ ವೀಣೆ ಮಲಗಿ ಹನ್ನೊಂದು ವರ್ಷವಾಯಿತು. ಈ ಮನೆಗೆ ಬಂದ ಮೊದಲ ಬೇಸಿಗೆಯಲ್ಲೇ ಶೀಟಿನ ಸೂರಿನ ಕಾವಿಗೆ ಮೇಣ ಕರಗಿ, ಅದರಲ್ಲಿ ಕೂರಿಸಿದ್ದ, ತಂತಿ ಒತ್ತುವ ಹಿತ್ತಾಳೆ ಮೆಟ್ಟಿಲುಗಳು ವಾಲಿಕೊಂಡವು. "ಇರಲಿ ಬಿಡಿ, ಆಮೇಲೆ ನೋಡೋಣ" ಎಂದಿದ್ದೆ. ಆಮೇಲೆ ಯಾರು ನೋಡಿದರು?

ಗಿಟಾರಿಗೆ ಮಾತ್ರ ರಾಜೋಪಚಾರ. ಚಾಪೆ ಹಾಸಿ ಮಲಗಿಸಿದರು. ಕತ್ತಿನ ಕೆಳಗೆ ಮೆತ್ತಗೆ ಏನಾದರೂ ಬೇಕೆಂದು ನನ್ನ ದಿಂಬು ತಂದಿಟ್ಟರು (ಅವರದ್ದಲ್ಲ, ಗಮನಿಸಿ). ಅದರ ಕತ್ತಿನ ಒಳಗೆ ಉದ್ದಕ್ಕೆ ಒಂದು ಉಕ್ಕಿನ ಸರಳು ಇರುತ್ತದಂತೆ. ತಲೆಯ ಹತ್ತಿರ ಅದಕ್ಕೊಂದು ನಟ್ಟು. ಬಿಗಿ ಮಾಡಿದರೆ ಬಾಗಿದ ಕತ್ತು ನೆಟ್ಟಗಾಗುತ್ತದೆ. ನಮ್ಮವರು ಕಾಲು ಸುತ್ತು ತಿರುಗಿಸುವುದು, ಅರ್ಧ ಗಂಟೆ ಸುಮ್ಮನೆ ಕೂರುವುದು, ಮತ್ತೆ ಉಕ್ಕಿನ ಸ್ಕೇಲು ಇಟ್ಟು ನೋಡುವುದು.

"ಅರ್ಧ ಗಂಟೆ ಯಾಕ್ರೀ ಕಾಯೋದು?" ಎಂದೆ.

"ಮರ ಕಣೇ. ಅವಸರ ಮಾಡಬಾರ್ದು. ಹೊಂದ್ಕೊಳ್ಳೋಕೆ ಅದಕ್ಕೂ ಟೈಮ್ ಕೊಡಬೇಕು."

ಮದುವೆಯಾಗಿ ಬಂದ ಮಾರನೆಯ ದಿನವೇ ಹದಿನಾಲ್ಕು ಜನಕ್ಕೆ ಮುದ್ದೆ ತಿರುವಿದವಳು ನಾನು. ನನಗೆ ಯಾರು ಅರ್ಧ ಗಂಟೆ ಕೊಟ್ಟಿದ್ದರು?

ಶುಕ್ರವಾರ ವಠಾರದ ನಲ್ಲಿಯ ಹತ್ತಿರ ಪಕ್ಕದ ಮನೆ ಪುಟ್ಟಮ್ಮ ಕೊಡ ಇಳಿಸಿ ಪಿಸುಗುಟ್ಟಿದಳು. "ಏನ್ರೀ, ನಿಮ್ಮನೆಯವ್ರು ಸಂಜೆಯೆಲ್ಲಾ ಆ ಹುಡುಗಿ ಗಿಟಾರ್ ಮುಂದೇನೇ ಕೂತಿರ್ತಾರಂತೆ? ಸ್ವಲ್ಪ ಹುಷಾರು ಕಣ್ರೀ."

"ಅವಳು ನಮ್ಮ ಮಗಳ ವಯಸ್ಸಿನವಳು, ಸುಮ್ನಿರೇ" ಎಂದು ಗದರಿದೆ. ಪುಟ್ಟಮ್ಮನಿಗೆ ಅರ್ಧ ಮಾತ್ರ ಗೊತ್ತಾಗಿತ್ತು. ಹೊಟ್ಟೆ ಉರಿಯುತ್ತಿದ್ದುದು ನಿಜ. ಆದರೆ ಹುಡುಗಿಯ ಮೇಲಲ್ಲ. ಆ ಕೆಂಪು ಬಣ್ಣದ, ವೈರು ಚುಚ್ಚಿಸಿಕೊಳ್ಳುವ, ಹೊಟ್ಟೆಯೇ ಇಲ್ಲದ ಹಲಗೆಯ ಮೇಲೆ. ಹಲಗೆಯ ಮೇಲೆ ಹೊಟ್ಟೆಕಿಚ್ಚು ಪಡುವ ಹೆಂಗಸನ್ನು ನೀವು ನೋಡಿದ್ದೀರಾ? ಇಲ್ಲದಿದ್ದರೆ ನಮ್ಮ ವಠಾರಕ್ಕೆ ಬನ್ನಿ.

ಶನಿವಾರ ಸಂಜೆ ನಮ್ಮವರು ಅಡುಗೆಮನೆಯವರೆಗೂ ಕೂಗಿದರು. "ಬಾರೇ ಇಲ್ಲಿ! ಸ್ಕೇಲ್ ಕೆಳಗೆ ಕೂದಲೆಳೆ ಬೆಳಕೂ ತೂರಲ್ಲ ನೋಡು!" ಫಿಟ್ಟರಿಗೆ ದೇವರೆಂದರೆ ನೇರ. ಮೂವತ್ತು ವರ್ಷ ಸರ್ವೀಸಿನಲ್ಲಿ ಸೊಟ್ಟಗಿದ್ದದ್ದನ್ನೆಲ್ಲ ನೆಟ್ಟಗೆ ಮಾಡಿಯೇ ಸಂಬಳ ತಂದವರು. ಕತ್ತನ್ನು ಗೆರೆ ಎಳೆದಂತೆ ನೇರ ಮಾಡಿ, ತಂತಿಗಳ ಕೆಳಗಿನ ಪುಟ್ಟ ಸ್ಕ್ರೂಗಳನ್ನು ತಿರುಗಿಸಿ ಎತ್ತರ ಇಳಿಸಿ, ಠೀವಿಯಿಂದ ಒಮ್ಮೆ ಮೀಟಿದರು.

ಝರ್ರ್ರ್.

ತಗಡಿನ ಡಬ್ಬಿಯಲ್ಲಿ ಜೀರುಂಡೆ ಹಾಕಿ ಅಲ್ಲಾಡಿಸಿದ ಹಾಗೆ. ಆರು ತಂತಿಗೂ ಅದೇ ರೋಗ.

ಹುರುಳಿಕಾಯಿ ಹೆಚ್ಚುತ್ತಿದ್ದ ನನಗೆ ಆ ಕ್ಷಣವೇ ಗೊತ್ತಾಗಿಹೋಯಿತು. ಯಲಹಂಕದಲ್ಲಿ ನನಗೆ ವೀಣೆ ಕಲಿಸಿದ ಮೇಷ್ಟ್ರು ಮೆಟ್ಟಿಲು ಕೂರಿಸುವಾಗ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತಿದ್ದರು: "ಮೀಟಿದಾಗ ತಂತಿಗೆ ಹೊಟ್ಟೆ ಬರುತ್ತೆ ಮಗೂ. ಆ ಹೊಟ್ಟೆಗೆ ಜಾಗ ಬಿಡಬೇಕು." ಗಿಟಾರಿನ ಕತ್ತಿಗೂ ಅಷ್ಟೇ. ಚೂರೇ ಚೂರು ಬಾಗಿರಬೇಕು. ಪೂರ್ತಿ ನೇರವಾದರೆ ತಂತಿ ಆಡುವಾಗ ಕೆಳಗಿನ ಫ್ರೆಟ್ಟಿಗೆ (ಗಿಟಾರಿನ ಮೆಟ್ಟಿಲಿಗೆ) ತಗುಲಿ ಕಿರುಚುತ್ತದೆ.

ಎದ್ದು ಹೋಗಿ ಹೇಳಿದೆನೇ? ಇಲ್ಲ. ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತೆ. ಅಷ್ಟು ಹಾಯಾಗಿ ನಾನು ನಾರು ತೆಗೆದ ದಿನ ಇನ್ನೊಂದಿಲ್ಲ.

ಭಾನುವಾರ ಬೆಳಿಗ್ಗೆ ನಮ್ಮವರು ಫೀಲರ್ ಗೇಜ್ ತೆಗೆದರು. ಬಾಳೆಹೂವಿನ ಎಸಳಿನಂತೆ ಬಿಚ್ಚಿಕೊಳ್ಳುವ ತೆಳ್ಳನೆಯ ಉಕ್ಕಿನ ಪಟ್ಟಿಗಳು ಅವು, ಸಂದು ಅಳೆಯಲು. ತಂತಿಯ ಕೆಳಗೆಲ್ಲ ತೂರಿಸಿ ನೋಡಿ ತೀರ್ಪು ಕೊಟ್ಟರು: ಮೂರನೆಯ ಫ್ರೆಟ್ಟೂ ಐದನೆಯದೂ ಎತ್ತರ. ಆಮೇಲೆ ಟೂಲ್ ಬಾಕ್ಸಿನಿಂದ ಅರ ಹೊರಬಂತು.

ಕಬ್ಬಿಣ ಉಜ್ಜುವ ಅರ! ಉಜ್ಜಿದ ಫ್ರೆಟ್ಟು ಮತ್ತೆ ಬೆಳೆಯುವುದಿಲ್ಲ. ಸ್ಟೆಲ್ಲಾ ಬಾಗಿಲಲ್ಲಿ ನಿಂತಿದ್ದಳು. "ಅಂಕಲ್, ಉಜ್ಜಲೇಬೇಕಾ?" ಎಂದಳು. ದನಿ ಕಾಲು ಭಾಗ ಆಗಿತ್ತು. ಬಲಗೈಯಿಂದ ಎಡಗೈಯ ಆ ಗೀರುಗಳನ್ನು ಸವರಿಕೊಳ್ಳುತ್ತಿದ್ದಳು. ಸಂಗೀತ ಪರೀಕ್ಷೆಯ ಬೆಳಿಗ್ಗೆ ತಂತಿ ಕಿತ್ತುಹೋದಾಗ ನಾನೂ ಹಾಗೇ ನಿಂತಿದ್ದೆ.

ಸೌಟು ಹಿಡಿದುಕೊಂಡೇ ಹೊರಗೆ ಬಂದೆ.

"ರೀ, ಅರ ಕೆಳಗಿಡಿ."

"ಯಾಕೇ?"

"ಆ ನಟ್ಟು ಕಾಲು ಸುತ್ತು ಸಡಿಲ ಮಾಡಿ."

"ಸಡಿಲ ಮಾಡಿದ್ರೆ ಮತ್ತೆ ಬಗ್ಗುತ್ತಲ್ಲೇ!"

"ಬಗ್ಗಲಿ. ಚೂರು ಬಗ್ಗಬೇಕು. ಕಡ್ಡಿ ಥರಾ ನೆಟ್ಟಗಿದ್ರೆ ತಂತಿ ಎಲ್ಲಿ ಆಡಬೇಕು?"

"ಗಿಟಾರ್ ಬಗ್ಗೆ ನಿಂಗೇನೇ ಗೊತ್ತು?"

"ಗಿಟಾರ್ ಗೊತ್ತಿಲ್ಲ. ತಂತಿ ಗೊತ್ತು."

ನನ್ನ ಮುಖ ನೋಡಿದರು. ಅರ ನೋಡಿದರು. ಅರವನ್ನು ಬಾಕ್ಸಿಗೆ ಹಾಕಿ ನಟ್ಟು ಸಡಿಲಿಸಿದರು. ಅರ್ಧ ಗಂಟೆ ಮೂವರೂ ಕಾದೆವು. ಈಗ ಸ್ಕೇಲಿನ ಕೆಳಗೆ ನಡುಮಧ್ಯೆ ಕೂದಲೆಳೆಯಷ್ಟು ಬೆಳಕು ತೂರಿತು, ಗೇಜಿನ ತೆಳು ಪಟ್ಟಿಯೊಂದು ಸರಾಗ ಹೋಯಿತು. ಸ್ಟೆಲ್ಲಾ ಮೀಟಿದಳು. ಸ್ವಚ್ಛವಾದ ನಾದ. ದಪ್ಪ ತಂತಿಯೊಂದು ಇನ್ನೂ ಗೊಣಗುತ್ತಿತ್ತು. "ಅದನ್ನ ಒಂಚೂರು ಎತ್ತಿ" ಎಂದೆ. ಸ್ಕ್ರೂ ತಿರುಗಿಸಿ ಎತ್ತಿದರು. ಗೊಣಗು ನಿಂತಿತು. ಅವಳ ಬೆರಳು ಈಗ ಒತ್ತುತ್ತಿರಲಿಲ್ಲ, ಓಡುತ್ತಿತ್ತು.

"ಆಂಟೀ, ನಿಮಗ್ ಹೆಂಗೆ ಗೊತ್ತಾಯ್ತು?"

ನಾನು ಬೀರುವಿನ ಮೇಲಕ್ಕೆ ಕೈ ತೋರಿಸಿದೆ. ನಮ್ಮವರು ಕೇಳಿದ ಪ್ರಶ್ನೆ ಬೇರೆ.

"ಯಾವಾಗ ಗೊತ್ತಾಯ್ತು?"

"ನಿನ್ನೆ ಸಾಯಂಕಾಲ."

"ಮತ್ತೆ ನಿನ್ನೇನೇ ಹೇಳೋದಲ್ವೇನೇ?"

"ಹನ್ನೊಂದು ವರ್ಷದಿಂದ ನನ್ನ ವೀಣೆ ಮೇಲೆ ಬಿದ್ದಿದೆ. ಒಂದಿನ ತಿರುಗಿ ನೋಡಿದ್ರಾ? ಯಾರದ್ದೋ ಗಿಟಾರಿಗೆ ನನ್ನ ದಿಂಬು!"

"ನೀನು ಕೇಳಿದ್ಯಾ? ಈ ಹುಡುಗಿ ಬಂದು ಕೇಳಿದ್ಲು, ಮಾಡ್ದೆ."

ಸ್ಟೆಲ್ಲಾ ಗಿಟಾರು ಎತ್ತಿಕೊಂಡು ಮೆಲ್ಲಗೆ ಮಹಡಿ ಹತ್ತಿದಳು. ಜಾಣೆ.

ಕೇಳಿ ಪಡೆದದ್ದಕ್ಕೆ ಬೆಲೆಯಿಲ್ಲ, ಕೇಳದೆಯೇ ಅವರಿಗೆ ತಿಳಿಯಬೇಕು ಎಂದು ಕೂತಿರುತ್ತೇವೆ ನಾವು. ಅವರಿಗೆ ತಿಳಿಯುವುದಿಲ್ಲ. ನಾವು "ಇರಲಿ ಬಿಡಿ" ಎನ್ನುತ್ತೇವೆ. ಅವರು ನಿಜವಾಗಿಯೂ ಬಿಟ್ಟುಬಿಡುತ್ತಾರೆ! ಆಮೇಲೆ ಕೇಳಲು ಬಲ್ಲವರನ್ನು ಕಂಡು ಉರಿದುಕೊಳ್ಳುತ್ತೇವೆ. ನಿಮ್ಮ ಮನೆಯಲ್ಲೂ ಬೀರುವಿನ ಮೇಲೆ ಏನಾದರೂ ಇರಬೇಕು, ನೋಡಿ.

"ನನ್ನ ವೀಣೆ ಸರಿ ಮಾಡಿಕೊಡಿ" ಎಂದೆ. ಹನ್ನೊಂದು ವರ್ಷದ ಮಾತು, ನಾಲ್ಕೇ ಶಬ್ದ.

ಸ್ಟೂಲ್ ಹತ್ತಿ ಇಳಿಸಿದರು. ಸೀರೆ ಬಿಚ್ಚಿ ಪಕ್ಕಕ್ಕೆ ಇಟ್ಟರು. ಧೂಳು, ಒಣಗಿದ ಮೇಣ, ಕುಡುಕರಂತೆ ವಾಲಿದ ಮೆಟ್ಟಿಲುಗಳು. ಅವರ ಕೈ ಫೀಲರ್ ಗೇಜಿನ ಕಡೆ ಹೋಯಿತು.

"ಅದನ್ನ ಮುಟ್ಟಬೇಡಿ. ಇದು ಕಿವಿ ಕೆಲಸ."

"ಸರಿ ಹಾಗಾದ್ರೆ. ಮೇಣ ನಾಳೆ ತರ್ತೀನಿ. ನೀನು ಕೇಳಿ ಹೇಳು, ನಾನು ಕೂರಿಸ್ತೀನಿ."

ಸಂಜೆ ಚಪ್ಪಾಳೆ ಎಲ್ಲ ಆ ಹುಡುಗಿಗೆ. ಗೊತ್ತು. ಅದಕ್ಕೂ ಒಂಚೂರು ಉರಿಯುತ್ತಿದೆ, ಸುಳ್ಳೇಕೆ ಹೇಳಲಿ?

ಮಧ್ಯಾಹ್ನ ಉಂಡದ್ದು ಮುದ್ದೆ, ಹುರುಳಿಕಾಳಿನ ಬಸ್ಸಾರು. ಮೇಲೆ ಸ್ಟೆಲ್ಲಾಳ ತಾಯಿ ಕಳಿಸಿದ ಕೇಕು, ತಲೆಗೊಂದು ತುಂಡು. ಮೊದಲು ನಿದ್ದೆ ಹೋದವರು ನಮ್ಮವರು, ವೀಣೆಗೆ ಹೊದಿಸಿದ್ದ ನನ್ನ ಸೀರೆಯನ್ನೇ ಎಳೆದು ಹೊದ್ದುಕೊಂಡು. ಪಕ್ಕದ ಚಾಪೆಯ ಮೇಲೆ ವೀಣೆ, ಅದರ ಕತ್ತಿನ ಕೆಳಗೆ ನನ್ನ ದಿಂಬು.

ಇನ್ನು ನಾನು ಮಲಗುವುದೆಲ್ಲಿ, ಹೇಳಿ?