ಸೀತಾಳೆ ಗಿಡಕ್ಕೆ ಎರೆದ ಕೆಂಚಮ್ಮ

ನಮ್ಮತ್ತೆ ಕೆಂಚಮ್ಮನವರಿಗೆ ಒಂದು ಚಾಳಿಯಿತ್ತು. ಯಾರು ಯಾವ ಕಷ್ಟ ಹೇಳಿಕೊಂಡರೂ "ಅದ್ನ ನಂಗೆ ಬುಡಿ" ಎಂದುಬಿಡುವುದು. ಇಲವಾಲದ ಒಕ್ಕಲು ಮನೆಯಿಂದ ಮೈಸೂರಿಗೆ ಬಂದು, ಕೃಷ್ಣಮೂರ್ತಿಪುರಂನ ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆನೀರು ಎರೆದೇ ಇಪ್ಪತ್ತು ವರ್ಷ ಸಂಸಾರ ತೂಗಿಸಿದವರು ಅವರು. ಆ ಕೆಲಸಕ್ಕೆ ಮುಖ್ಯವಾಗಿ ಬೇಕಾದದ್ದು ಕೈಗುಣ. ಕೆಂಚಮ್ಮನ ಕೈ ಸೋಕಿದ ಕೂಸು ದುಂಡಗಾಗುತ್ತದೆ ಎಂಬ ಮಾತು ಬೀದಿಯಲ್ಲಿ ಇರುವತನಕ ನಮ್ಮ ಒಲೆ ಉರಿಯುತ್ತಿತ್ತು. ಆ ಮಾತು ಹೋದರೆ ಯಾವ ತಾಯಿಯೂ ಕೂಸನ್ನು ಅವರ ಕಾಲ ಮೇಲೆ ಮಲಗಿಸುತ್ತಿರಲಿಲ್ಲ.

೧೯೫೮ರಲ್ಲಿ, ಅರಣ್ಯ ಇಲಾಖೆಯಿಂದ ನಿವೃತ್ತರಾಗಿದ್ದ ಸದಾಶಿವಯ್ಯನವರ ಮಗಳು ಗಿರಿಜಾಂಬಾ ಬಾಣಂತನಕ್ಕೆ ತೌರಿಗೆ ಬಂದಿದ್ದಳು. ಅತ್ತೆ ದಿನಾ ಅಲ್ಲಿಗೆ ಹೋಗುತ್ತಿದ್ದರು, ನೀರು ಸೇದಿಕೊಡಲು ನಾನೂ ಜೊತೆಗೆ. ಆ ಮನೆಯ ಜಗುಲಿಯ ತೊಲೆಗೆ ಒಂದು ಸೀತಾಳೆ ಗಿಡ ತೂಗುಹಾಕಿದ್ದರು. ಕಾಡಿನಲ್ಲಿ ಬಿದ್ದಿದ್ದ ಮರದಿಂದ ಬಿಡಿಸಿ ತಂದದ್ದು. ಮಣ್ಣು ಬೇಡ, ಮರದ ತುಂಡನ್ನು ಬೇರಿನಲ್ಲಿ ಅಪ್ಪಿಕೊಂಡೇ ಬದುಕುತ್ತದೆ. ಮುಂಗಾರಿನ ಹೊತ್ತಿಗೆ ಜಡೆಯ ಹಾಗೆ ಹೂದಂಡೆ ಇಳಿಬಿಡುತ್ತದೆ.

ಆ ವರ್ಷ ಅದರ ಎಲೆಸಂದಿನಲ್ಲೆಲ್ಲ ಅಕ್ಕಿಹಿಟ್ಟು ಮೆತ್ತಿದಂತೆ ಬಿಳಿ ಹುಳ ಕೂತು ರಸ ಹೀರುತ್ತಿತ್ತು. ಎಲೆ ಹಳದಿಯಾಗಿ, ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಯಾರೋ ಮಾಲಿ ಬಂದು ಬಿಳಿ ಪುಡಿ ಎರಚಿ ಹೋದ. ಪುಡಿ ಯಾವುದು, ಹುಳ ಯಾವುದು ಎಂದು ತಿಳಿಯದಂತಾಯಿತು, ಅಷ್ಟೆ. ಸದಾಶಿವಯ್ಯನವರು ಬೇಸತ್ತು ಗಿಡವನ್ನು ಎಸೆಯಲು ಹೊರಟರು.

"ಬುದ್ಧೀ, ಅದ್ನ ನಂಗೆ ಬುಡಿ," ಎಂದರು ಅತ್ತೆ. "ಇದು ಗಿಡದ ಹೇನು. ತಲೇಲಿರೋ ಹೇನು ತೆಗ್ದೋಳ್ಗೆ ಇದೇನ್ ಮಹಾ?"

ಅದು ಸತ್ತರೆ ಬೀದಿಯಲ್ಲಿ ಏನು ಮಾತು ಬರುತ್ತದೋ ಎಂದು ನಾನು ಹೆದರಿದೆ. ಸಾಯುತ್ತಿರುವ ಗಿಡಕ್ಕೆ ಕೈಗುಣದವರು ಕೈ ಹಾಕುವುದುಂಟೆ?

ಅಂಟುವಾಳದ ನೊರೆಯಲ್ಲಿ ಹತ್ತಿ ಅದ್ದಿ, ಕೂಸಿನ ಕಿವಿಸಂದು ಒರೆಸುವ ಹಾಗೆ ಒಂದೊಂದು ಎಲೆಯನ್ನೂ ಅವರು ಒರೆಸಿದರು. ತಮ್ಮ ಎಲೆಅಡಿಕೆ ಚೀಲದ ಹೊಗೆಸೊಪ್ಪನ್ನೇ ನೆನೆಸಿ ಆ ನೀರು ಚಿಮುಕಿಸಿದರು. ಗಿಡ ಹೊಳೆಯಿತು. ಇಪ್ಪತ್ತು ದಿನಕ್ಕೆ ಹುಳ ಮತ್ತೆ ಬಂತು. ಮತ್ತೆ ಎರೆದರು, ಮತ್ತೆ ಬಂತು. ಎದುರು ಮನೆಯ ಸುಮಿತ್ರಮ್ಮ ತಮ್ಮ ಬಸುರಿ ಸೊಸೆಗೆ ನಮ್ಮತ್ತೆಯನ್ನೇ ಗೊತ್ತು ಮಾಡಿದ್ದರು. ಈಗ "ಬೇರೆಯವರನ್ನ ನೋಡಿದ್ದೀವಿ" ಎಂದು ಹೇಳಿಕಳಿಸಿದರು. ನಾನು ಅತ್ತುಬಿಟ್ಟೆ. ಅತ್ತೆ ಅಳಲಿಲ್ಲ. ಮಾರನೆಯ ದಿನದಿಂದ ಕೆಲಸ ಮುಗಿದ ಮೇಲೂ ಆ ಜಗುಲಿಯಲ್ಲೇ ಕೂತು ಗಿಡ ನೋಡತೊಡಗಿದರು.

ಮೂರನೆಯ ಸೋಮವಾರ ಅವರು ನೇರವಾಗಿ ಸದಾಶಿವಯ್ಯನವರ ಹೆಂಡತಿ ಪಾರ್ವತಮ್ಮನವರ ಮುಂದೆ ನಿಂತರು.

"ಅವ್ವಾರೆ, ಕ್ವಾಪ ಮಾಡ್ಕಬ್ಯಾಡಿ. ಸೋಮವಾರ ಪೂಜೆ ಆದ್ಮೇಲೆ ಹಾಲು ಸಕ್ರೆ ನೀರ್ನ ನೀವು ಈ ಗಿಡಕ್ಕೆ ಉಯ್ತೀರಿ. ಅದ್ಕೆ ಇರುವೆ ಬತ್ತವೆ. ಇರುವೆ ಇರೋಗಂಟ ಹುಳ ಹೋಗಕಿಲ್ಲ, ಅವೇ ಕಾವಲು ಕಾಯ್ತವೆ."

"ನನ್ನ ಶಿವಪೂಜೆ ನೀರಿಂದ ಹುಳ ಬಿತ್ತು ಅಂತೀಯಾ? ಮೂವತ್ತು ವರ್ಷದ ಪೂಜೆ ಕಣೇ ಇದು!"

"ಮೂವತ್ತು ವರ್ಸಾನೂ ಹಿತ್ತಲ ಬಿಲ್ವದ ಬುಡಕ್ಕೆ ಉಯ್ದ್ರಿ. ಈ ಸಲ ನಾನು ಬಾಣಂತಿಗೆ ಎರೆದ ನೀರು ಅಲ್ಲಿಗೆ ಹರೀತದೆ, ಮೈಲಿಗೆ ಅಂತ, ಯಾರ ಕಾಲೂ ಸೋಕ್ದಿರೋ ಜಾಗ ಅಂತ ಇಲ್ಲಿಗೆ ತಂದ್ರಿ. ತಪ್ಪು ನಂದೂ ಅದೆ. ಬನ್ನಿ, ನೀವೇ ಕುಂತು ನೋಡಿ."

ಈ ಮನೆಯೂ ಹೋಯಿತು ಎಂದುಕೊಂಡೆ. ಆದರೆ ಪಾರ್ವತಮ್ಮನವರದು ಹಟದ ಸ್ವಭಾವ. ಅತ್ತೆಯ ಮಾತು ಸುಳ್ಳೆಂದು ತೋರಿಸಲೆಂದೇ ಗಂಡನ ಭೂತಗನ್ನಡಿ ತಂದು ಗಿಡದ ಪಕ್ಕ ಕುರ್ಚಿ ಹಾಕಿಕೊಂಡರು. ಹಗ್ಗದ ಮೇಲೆ ಇರುವೆ ಸಾಲು ಇಳಿಯುವುದನ್ನೂ, ಅವು ಬಿಳಿ ಹುಳುವಿನ ಬೆನ್ನು ಸವರಿ, ಜಿನುಗಿದ ತೊಟ್ಟನ್ನು ಹೀರುವುದನ್ನೂ ಅರ್ಧ ಗಂಟೆ ನೋಡಿದರು. ಕೊನೆಗೆ ಎದ್ದು, "ಬಚ್ಚಲ ನೀರನ್ನ ಬೇರೆ ಕಡೆ ತಿರುಗಿಸೋಕಾಗುತ್ತಾ ಕೆಂಚಮ್ಮ?" ಎಂದರು.

ಅತ್ತೆ ಅವತ್ತೇ ಗುದ್ದಲಿ ಹಿಡಿದು ಬಚ್ಚಲ ನೀರನ್ನು ಬಾಳೆಬುಡಕ್ಕೆ ತಿರುಗಿಸಿದರು. ಪೂಜೆಯ ನೀರು ಮತ್ತೆ ಬಿಲ್ವಕ್ಕೆ ಹೋಯಿತು. ಇರುವೆ ಇಳಿಯದಂತೆ ಗಿಡದ ಹಗ್ಗಕ್ಕೆ ಹರಳೆಣ್ಣೆ ಬಟ್ಟೆ ಸುತ್ತಿ, ಮೂರನೆಯ ಸಲ ಎರೆದರು. ಆಮೇಲೆ ಹುಳ ಬರಲಿಲ್ಲ.

ಮೊದಲ ಮಳೆ ಬಿದ್ದ ವಾರದಲ್ಲಿ ಎರಡು ಹೂದಂಡೆ ಇಳಿದವು. ಪಾರ್ವತಮ್ಮನವರು ಬೀದಿಯ ಹೆಂಗಸರನ್ನೆಲ್ಲ ಕರೆದರು. ಸುಮಿತ್ರಮ್ಮ ಹೂವನ್ನು ಮೇಲಿಂದ ಕೆಳಗೆ ನೋಡಿ, "ಏನು ಕೈಗುಣ ಕೆಂಚಮ್ಮ ನಿನ್ನದು! ನಮ್ಮ ಸೊಸೆಗೂ ನೀನೇ ಬರಬೇಕು ಕಣಮ್ಮ" ಎಂದರು.

ಇಪ್ಪತ್ತು ವರ್ಷ ಆ ಒಂದು ಮಾತಿನಿಂದ ಅನ್ನ ಉಂಡವರು ನಮ್ಮತ್ತೆ. ಸುಮ್ಮನೆ ತಲೆಯಾಡಿಸಿದ್ದರೆ ಆಗುತ್ತಿತ್ತು.

"ಬತ್ತೀನಿ ಕಣ್ರವ್ವ, ಬರ್ದೆ ಏನು," ಎಂದರು. "ಆದ್ರೆ ಇದ್ಕೆ ಕೈಗುಣ ಅನ್ಬ್ಯಾಡಿ. ಕೈಗುಣ ದ್ಯಾವ್ರು ಕೊಟ್ಟಿದ್ದು. ಇದು ಮೂರು ಸೋಮವಾರ ಕುಂತು ನೋಡಿ ನಾನೇ ಕಂಡಿಡ್ದಿದ್ದು."

ಇವರ ಸೊಸೆ ನಾನು ಎಂದು ಆ ಜಗುಲಿಯಲ್ಲೇ ನಿಂತು ಕೂಗಿ ಹೇಳಬೇಕೆನಿಸಿತು ನನಗೆ.