ಕಮಲಾ ಅತ್ತಿಯ ಇಂಗ್ಲಿಷ್ ಪೇಪರು

ಹೋದ ವಾರ ಸೊಲ್ಲಾಪುರದಲ್ಲಿ ಒಂದು ಎಣ್ಣೆ ಗಾಣದ ಮುಂದೆ ಹಾದುಹೋಗುವಾಗ ಕುಸುಬಿ ಎಣ್ಣೆಯ ಹಸಿ ವಾಸನೆ ಮೂಗಿಗೆ ಬಡಿದು ನಡುಬೀದಿಯಲ್ಲೇ ನಿಂತುಬಿಟ್ಟೆ. ನೆನಪಾದದ್ದು ಅಡುಗೆಯಲ್ಲ, ಒಂದು ಇಂಗ್ಲಿಷ್ ಗೈಡು. ಅದರ ಹಾಳೆಗಳ ಮೂಲೆಗಳು ಎಣ್ಣೆ ಕುಡಿದು ತೆಳುವಾಗಿದ್ದವು. ಈ ಬದಿಯ ಅಕ್ಷರಗಳ ನಡುವೆ ಆ ಬದಿಯ ಅಕ್ಷರಗಳು ಕಾಣುತ್ತಿದ್ದವು. ತಲೆಗೆ ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಕಮಲಾ ಅತ್ತಿ ಆ ಪುಟಗಳನ್ನು ತಿರುವುತ್ತಿದ್ದಳು. ಅತ್ತಿ ನನ್ನ ಅಪ್ಪನ ಕೊನೆಯ ತಂಗಿ. ಆಗ ಅವಳಿಗೆ ಇಪ್ಪತ್ತೊಂದು, ನನಗೆ ಹತ್ತು. ಈಗ ನಾನು ದಿನಾ ಡೈರಿ ಬರೆಯುತ್ತೇನೆ, ಆಗ ಬರೆಯುತ್ತಿರಲಿಲ್ಲ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಮನೆಮಂದಿಯ ಮಾತು ಕೇಳಿ ಕೇಳಿ ಕಂಡಂತೆ ಮಾಡಿಕೊಂಡದ್ದೆಷ್ಟು ಎಂಬುದು ನನಗೇ ಖಾತ್ರಿಯಿಲ್ಲ.

ಮಹಾರಾಷ್ಟ್ರದ ಗಡಿಯಂಚಿನ ಜತ್ತ ತಾಲೂಕಿನ ಸಂಖದಲ್ಲಿದ್ದ ನಮ್ಮ ಮನೆ ಈಗಿಲ್ಲ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಪಡಸಾಲೆಯಲ್ಲಿ ತೊಲೆ ಮುಟ್ಟುವ ತನಕ ಕುಸುಬಿ ಮತ್ತು ಶೇಂಗಾ ಚೀಲಗಳು. ಅಜ್ಜನನ್ನು ನಾವು ಮುತ್ಯಾ ಎನ್ನುತ್ತಿದ್ದೆವು, ಕಾಳಿನ ವ್ಯಾಪಾರ ಅವನದು. ಅಜ್ಜಿ ನಮಗೆ ಆಯಿ. ತಿಕೋಂಡಿಯ ಆಚೆಯ ಒಂದು ಊರಿಗೆ ಅತ್ತಿಯನ್ನು ಕೊಟ್ಟಿದ್ದರು. ಮೂರು ವರ್ಷ ಬಾಳ್ವೆ ಮಾಡಿ, ಬಲಗೈ ಮಣಿಕಟ್ಟು ಮುರಿಸಿಕೊಂಡು, ನಾಟಿ ಔಷಧಿಯ ಪಟ್ಟಿಯೊಂದಿಗೆ ಅವಳು ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಎಲುಬು ಸೊಟ್ಟಗೆ ಕೂಡಿತ್ತು. ಎರಡೂ ಕಡೆಯ ಹಿರಿಯರು ನಮ್ಮ ಪಡಸಾಲೆಯಲ್ಲೇ ಕೂತು ಒಂದು ಮಾತಿಗೆ ಬಂದಿದ್ದರು. ಊರಿನ ಅಂಗನವಾಡಿಯಲ್ಲಿ ಒಂದು ಜಾಗ ಖಾಲಿಯಾಗುವುದಿತ್ತು, ಹತ್ತನೆಯ ಇಯತ್ತೆ, ಅಂದರೆ ತರಗತಿ, ಪಾಸಾದವರಿಗೆ. ಅತ್ತಿ ಪಾಸಾಗದೆ ಉಳಿದದ್ದು ಇಂಗ್ಲಿಷ್ ಒಂದರಲ್ಲೇ. ಮಾರ್ಚಿನಲ್ಲಿ ಪಾಸಾದರೆ ಅವಳು ತವರಲ್ಲೇ ಇರಬಹುದು. ಇಲ್ಲವಾದರೆ ಗಂಡನ ಮನೆಗೆ ಹೋಗಬೇಕು. ಆ ಕಡೆಯವರು ಒಪ್ಪಿ ತಲೆಯಾಡಿಸಿ, ಚಹಾ ಕುಡಿದು ಎದ್ದರು. ಹೋಗುವಾಗ ಅವಳ ಮೈದುನ, ಅಂದರೆ ಗಂಡನ ತಮ್ಮ, ಬಾಗಿಲಲ್ಲಿ ನಿಂತು ನಗುತ್ತ, "ಓದ್ರಿ ವೈನಿ, ಚಂದಂಗ ಓದ್ರಿ" ಎಂದ. ಆ ನಗೆ ನನಗೆ ಇಷ್ಟವಾಗಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಆದರೆ ಹತ್ತು ವರ್ಷದ ಹುಡುಗಿಗೆ ಆ ನಗೆ ಚೆನ್ನಾಗಿಯೇ ಕಂಡಿರಬಹುದು.

ಕಲಿಸುವವನು ಕಾಕಾ, ಅಪ್ಪನ ತಮ್ಮ. ಹತ್ತಿರದ ಊರಿನ ಕನ್ನಡ ಸಾಲೆಯಲ್ಲಿ ಮಾಸ್ತರನಾಗಿದ್ದ. ಸಂಜೆ ಸಾಲೆಯಿಂದ ಬಂದವನೇ ಸೈಕಲ್ಲನ್ನು ಗೋಡೆಗಾನಿಸಿ ನಮ್ಮಿಬ್ಬರನ್ನೂ ತಲಬಾಗಿಲಿಗೆ ಕರೆಯುತ್ತಿದ್ದ. ಅತ್ತಿ ತಪ್ಪುತ್ತಿದ್ದದ್ದು ಒಂದೇ ಕಡೆ. ಐ ಎನ್ನಬೇಕಾದಲ್ಲಿ ಮಿ, ಹಿಮ್ ಎನ್ನಬೇಕಾದಲ್ಲಿ ಹಿ. ಕಾಕಾ ನಮ್ಮ ಮನೆಯ ಎತ್ತರದ ಹೊಸ್ತಿಲನ್ನೇ ಕ್ರಿಯಾಪದ ಮಾಡಿದ. "ಹೊಸ್ತಿಲದ ಹೊರಗ ನಿಂತಾವರು ಕೆಲಸಾ ಮಾಡಾವರು. ಐ, ಹಿ, ಶಿ, ವಿ, ದೇ. ಒಳಗ ಕುಂತಾವರ ಮ್ಯಾಲೆ ಆ ಕೆಲಸಾ ಬೀಳತೈತಿ. ಮಿ, ಹಿಮ್, ಹರ್, ಅಸ್, ದೆಮ್. ಫಾರ್, ಟು, ವಿಥ್ ಬಂದ್ರ ಅವರ ಬೆನ್ನ ಹಿಂದಿನಾವರೂ ಒಳಗಿನ ಮಂದೀನ. ತಿಳೀತಿಲ್ಲೊ?" ನಾನು ಹೊರಗೆ ನಿಂತರೆ ಅತ್ತಿ ಒಳಗೆ ಕೂಡುತ್ತಿದ್ದಳು. 'ನಾನು ಅವಳನ್ನು ಕರೆದೆ' ಎಂದು ಕಾಕಾ ಹೇಳಿದರೆ ನಾನು ಐ, ಅತ್ತಿ ಹರ್. ನಂತರ ಜಾಗ ಬದಲು. ಅತ್ತಿ ನಕ್ಕು, "ಹೊಡಿಯಾವರಿಗೊಂದು ಶಬ್ದ, ಹೊಡಿಸ್ಕೊಳ್ಳಾವರಿಗೊಂದು ಶಬ್ದ. ಭಾಳ ಶ್ಯಾಣ್ಯಾ ಮಂದಿ ಬಿಡೊ ಅಣ್ಣಾ ಈ ಇಂಗ್ಲಿಷಿನಾವರು" ಎಂದಾಗ ಕಾಕಾ ನಗಲಿಲ್ಲ, ಗೈಡಿನ ಪುಟ ತಿರುವಿದ.

ನಮ್ಮ ಮಾತಿನಲ್ಲಿ ಹಸಿವು, ಸಿಟ್ಟು, ಅಂಜಿಕೆ ಎಲ್ಲ ನಮಗೆ ಆಗುತ್ತವೆ. ಅದಕ್ಕೇ ಅತ್ತಿ ಪ್ರತಿ ಸಲ 'ಮಿ ಅಫ್ರೇಡ್' ಎಂದೇ ಬರೆಯುತ್ತಿದ್ದಳು. ಕಾಕಾ ಹೊಡೆದುಹಾಕುತ್ತಿದ್ದ, ಅವಳು ಮತ್ತೆ ಬರೆಯುತ್ತಿದ್ದಳು. ಇಬ್ಬರ ಹೆಸರು ಕೂಡಿ ಬಂದಾಗ ಇನ್ನೂ ಗೊಂದಲ. ಅದಕ್ಕೆ ಕಾಕಾ ಹೇಳಿದ ಉಪಾಯ ಇವತ್ತಿಗೂ ನನಗೆ ಉಪಯೋಗಕ್ಕೆ ಬರುತ್ತದೆ: "ಜೋಡಿಯೊಳಗಿನ ಇನ್ನೊಬ್ಬರನ್ನ ತಗದ್ ಬಿಡು. ಒಬ್ಬಾಕೀನ ನಿಲ್ಲಿಸಿ ಓದು. ಕಿವಿಗೆ ಸರಿ ಬರತೈತೇನು ನೋಡು." ಫೆಬ್ರವರಿ ಮುಗಿಯುವ ಹೊತ್ತಿಗೆ ಅತ್ತಿ ಹತ್ತಕ್ಕೆ ಎಂಟು ಸರಿ ಮಾಡುತ್ತಿದ್ದಳು. ಸೊಟ್ಟ ಕೈ ಬೇಗ ಸೋಲುತ್ತಿತ್ತು, ಎರಡು ಸಾಲು ಬರೆದು ಕೈ ಜಾಡಿಸಿ ಮತ್ತೆ ಎರಡು ಸಾಲು.

ಆ ದಿನಗಳಲ್ಲೇ ಒಂದು ಮೋಟರ್‌ಸೈಕಲ್ ನಮ್ಮ ಮನೆಯ ಎದುರಿನ ಬೇವಿನ ಗಿಡದ ಕೆಳಗೆ ನಿಲ್ಲತೊಡಗಿತು. ಅದರ ಮೇಲಿದ್ದವನು ಇಳಿಯುತ್ತಿರಲಿಲ್ಲ, ಯಾರನ್ನೂ ಕೇಳುತ್ತಿರಲಿಲ್ಲ. ಒಂದು ಬೀಡಿ ಸೇದಿ ಹೋಗುತ್ತಿದ್ದ. ಆಯಿ ಅತ್ತಿಯ ಹಾಸಿಗೆಯನ್ನು ಪಡಸಾಲೆಯಿಂದ ಅಡುಗೆಮನೆಯ ಬದಿಯ ಕೋಣೆಗೆ ಒಯ್ದಳು. ನೀರು ತರುವ ಕೆಲಸ ನನ್ನವ್ವನ ಪಾಲಿಗೆ ಬಂತು. ಊರೂರು ತಿರುಗುವ ಬಳೆಗಾರ್ತಿ ಒಮ್ಮೆ ನನ್ನ ಕೈ ಹಿಡಿದು ಬಳೆ ಏರಿಸುತ್ತ, "ನಿಮ್ಮತ್ತಿ ಪರೀಕ್ಷಾ ಯಾವಾಗವ್ವಾ ಕೂಸ?" ಎಂದು ಕೇಳಿದಳು. ಶುಕ್ರವಾರ, ಜತ್ತಿನಲ್ಲಿ, ಎಂಟರ ಬಸ್ಸಿಗೆ ಹೋಗುತ್ತೇವೆ, ನನ್ನನ್ನೂ ಕರೆದೊಯ್ಯುತ್ತಾರೆ ಎಂದು ಹೆಮ್ಮೆಯಿಂದ ಹೇಳಿದ್ದೆ. ಬಹಳ ವರ್ಷಗಳ ಮೇಲೆ ಇದನ್ನು ಅವ್ವನಿಗೆ ಹೇಳಿದರೆ ಅವಳು, "ನೀ ಅಲ್ಲ ಕೂಸ, ಗಿರಣಿಯೊಳಗ ನಾನಽ ಬಾಯಿ ಬಿಟ್ಟಿದ್ನಿ" ಎಂದಳು. ನನ್ನ ಸಮಾಧಾನಕ್ಕೆ ಹೇಳಿದಳೋ ಏನೋ. ಆ ಮನೆಯಲ್ಲಿದ್ದ ಎಲ್ಲರ ಬಳಿಯೂ ಇಂಥದೊಂದು ತಪ್ಪೊಪ್ಪಿಗೆ ಇತ್ತೆಂದು ಕಾಣುತ್ತದೆ.

ಶುಕ್ರವಾರ ಬೆಳಿಗ್ಗೆ ಆಯಿ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಶೇಂಗಾ ಹಿಂಡಿಯ ಚಟ್ನಿ ಹಾಕಿ ಬುತ್ತಿ ಕಟ್ಟಿದಳು. ಅತ್ತಿಯನ್ನು ಬಾಗಿಲ ಬಳಿ ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮವಿಟ್ಟು, ಸೆರಗು ಹಿಡಿಸಿ ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಬೇರು, ಎಲೆ ಅಡಿಕೆ. ತವರಿನಿಂದ ಗಂಡನ ಮನೆಗೆ ಕಳಿಸುವ ಮಗಳಿಗೆ ತುಂಬುವ ಉಡಿ ಅದು. ಆಯಿಗೆ ಬೇರೆ ಹಾರೈಕೆ ಗೊತ್ತಿರಲಿಲ್ಲ. ಮಗಳು ಹೊರಗೆ ಒಳ್ಳೆಯ ಕೆಲಸಕ್ಕೆ ಹೋಗುತ್ತಾಳೆ, ಬರಿಯ ಉಡಿಯಲ್ಲಿ ಹೋಗಬಾರದು, ಅಷ್ಟೇ. ಅತ್ತಿ ತುಂಬಿದ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಾಲ್ ಟಿಕೆಟ್ ಹಿಡಿದು ಹೊಸ್ತಿಲು ದಾಟಿದಳು. ಅಂಗಳದ ಮುಂದೆ ಜೀಪು ಬಂದು ನಿಂತಿತು. ಮೈದುನ ಇಳಿದ, ಹಿಂದೆ ಇನ್ನಿಬ್ಬರು ಗಂಡಸರು, ಕೊನೆಗೆ ಅತ್ತಿಯ ಅತ್ತೆ, ಗಂಡನ ತಾಯಿ.

ಆ ಮುದುಕಿ ಒಂದು ಕ್ಷಣ ನಿಂತು ನೋಡಿದಳು. ಅವಳಿಗೂ ಆಶ್ಚರ್ಯವಾಗಿತ್ತು ಎಂದೇ ನನ್ನ ನೆನಪು. "ಉಡೀನೂ ತುಂಬೀರಿ, ಬುತ್ತೀನೂ ಕಟ್ಟೀರಿ. ನಾವು ಬರೂದು ಗೊತ್ತಿತ್ತೇನ್ರಿ ಬೀಗ್ತಿ?"

"ಇದು ಪರೀಕ್ಷಾಕ್ಕ ತುಂಬೇನ್ರಿ" ಎಂದಳು ಆಯಿ.

"ಪರೀಕ್ಷಾಕ್ಕ ಉಡಿ ತುಂಬತಾರೇನ್ರಿ ಎಲ್ಲೆರೆ? ಹೊಸ್ತಿಲಾ ದಾಟಿ ನಿಂತಾಳ, ಉಡಿ ತುಂಬೇತಿ. ತುಂಬಿದ ಉಡೀಲೆ ಮಗಳನ್ನ ಹೊಳ್ಳಿ ಒಳಗ ಕರಕೊಂಡ್ರ ಆಕೀ ಗಂಡಗ ಏನಾಗತೈತಿ, ನಿಮಗ ನಾ ಹೇಳಬೇಕೇನ್ರಿ?"

ಆಯಿ ಅದನ್ನು ಮನಸಾರೆ ನಂಬಿದವಳು. ಒಳಗೆ ಬಾ ಎಂದು ಅವಳ ಕೈ ಮೇಲೆದ್ದಿತ್ತು, ಅಲ್ಲೇ ನಿಂತಿತು. ಕಾಕಾ ಅಂಗಳಕ್ಕಿಳಿದು, "ಹಿರೇರ ಮುಂದ ಏನ್ ಮಾತಾಗಿತ್ತು?" ಎಂದು ಕೂಗಾಡಿದ. ಮುತ್ಯಾ ಅವನನ್ನು ಸುಮ್ಮನಿರಿಸಿ, ಜೀಪಿನಿಂದ ಇಳಿದ ಗಂಡಸರನ್ನೊಮ್ಮೆ ನೋಡಿ, "ಜತ್ತಿನಾಗ ಪೇಪರ್ ಬರಿಸಿ ಕರಕೊಂಡು ಹೋಗ್ರಿ" ಎಂದ. "ಆತ್ರಿ ಮಾವಾರ, ಸಾಲಿ ಬಾಗಲದಾಗಽ ಇಳಸ್ತೀವಿ" ಎಂದ ಮೈದುನ, ಅದೇ ನಗೆ. ಕಾಕಾ ತಾನೂ ಬರುತ್ತೇನೆಂದರೆ ಜೀಪಿನಲ್ಲಿ ಜಾಗವಿಲ್ಲ ಎಂದರು. ಅತ್ತಿ ಜೀಪು ಹತ್ತಿದಳು. ಒಂದು ಕೈ ಉಡಿಯ ಮೇಲೆ, ಇನ್ನೊಂದರಲ್ಲಿ ಹಾಲ್ ಟಿಕೆಟ್. ಊರ ಬಾಯಲ್ಲಿ ಜತ್ತಿನ ದಾರಿ ಬಿಟ್ಟು ತಿಕೋಂಡಿ ದಾರಿಗೆ ಜೀಪು ಹೊರಳಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ನಮ್ಮ ಅಂಗಳದಿಂದ ಆ ತಿರುವು ಕಾಣುತ್ತಲೇ ಇರಲಿಲ್ಲ.

ಅತ್ತಿ ಆಮೇಲೆ ಎರಡು ಸಲ ಬಂದಳು, ಎರಡೂ ಸಲ ಸಾವಿಗೆ: ಮುತ್ಯಾ ಹೋದಾಗ, ಆಯಿ ಹೋದಾಗ. ಸಂಜೆಯೊಳಗೆ ಹೊರಟುಬಿಡುತ್ತಿದ್ದಳು. ಅವಳದೇ ಸುದ್ದಿ ಬಂದಾಗ ನಾನು ವಿದ್ಯಾಪೀಠದ ಹಾಸ್ಟೆಲಿನಲ್ಲಿದ್ದೆ. ಜ್ವರ ಎಂದರು. ಹೋಗಿ ಬಂದ ಕಾಕಾ ಜ್ವರ ಎಂಬ ಮಾತನ್ನು ಒಮ್ಮೆಯೂ ಆಡಲಿಲ್ಲ.

ಆ ಶುಕ್ರವಾರ ಕಾಕಾ ಮತ್ತು ನಾನು ಎಂಟರ ಬಸ್ಸಿಗೇ ಹೋದೆವು. ಪರೀಕ್ಷೆ ನಡೆಯುವ ಸಾಲೆಯ ಗೇಟಿನಲ್ಲಿ ನಿಂತೆವು. ಹನ್ನೊಂದರ ಗಂಟೆ ಹೊಡೆಯಿತು. ಅರ್ಧ ತಾಸು ತಡವಾದರೂ ಒಳಗೆ ಬಿಡುತ್ತೇವೆಂದು ಸಿಪಾಯಿ ಹೇಳಿದ. ಆ ಅರ್ಧ ತಾಸಿನಲ್ಲಿ ರಸ್ತೆಯಲ್ಲಿ ಬಂದ ಒಂದೊಂದು ಜೀಪಿಗೂ ಕಾಕಾ ಎರಡು ಹೆಜ್ಜೆ ಮುಂದೆ ಹೋಗಿ ನಿಲ್ಲುತ್ತಿದ್ದ. ಆಮೇಲೆ ಗೇಟು ಹಾಕಿದರು. ಆದರೂ ನಾವು ಎರಡರ ಗಂಟೆಯ ತನಕ, ಹುಡುಗಿಯರೆಲ್ಲ ಉತ್ತರ ಹೋಲಿಸುತ್ತ ಹೊರಬಂದು ಚದುರುವ ತನಕ, ಅಲ್ಲೇ ಬಿಸಿಲಲ್ಲಿ ನಿಂತಿದ್ದೆವು.

ಜತ್ತಿನ ಸ್ಟ್ಯಾಂಡಿನಲ್ಲಿ ಸಂಖದ ಬಸ್ಸಿಗೆ ವಿಪರೀತ ಗದ್ದಲ. ಕಾಕಾ ಎಲ್ಲರಂತೆ ಕಿಟಕಿಯೊಳಗಿಂದ ಟವೆಲ್ ಎಸೆದು ಮೂವರು ಕೂಡುವ ಸೀಟು ಹಿಡಿದ. ನಾವಿಬ್ಬರು ಕೂತೆವು, ನಡುವೆ ಟವೆಲ್ ಹಾಸಿಯೇ ಇತ್ತು. "ಯಾರರೆ ಬರಾವರದಾರೇನ್ರಿ ಇಲ್ಲಿ?" ಎಂದು ಒಬ್ಬರು ಕೇಳಿದರು. "ಹೂಂ ರೀ, ಬರತಾರ" ಎಂದ. ಕಂಡಕ್ಟರ್ ಬಂದಾಗ, "ಎರಡು ಫುಲ್ಲು, ಒಂದು ಹಾಫು" ಎಂದ. ಕಂಡಕ್ಟರ್ ನಮ್ಮಿಬ್ಬರನ್ನೂ ನೋಡಿ, "ಗುರುಗೋಳ, ಇನ್ನೊಬ್ಬರು ಎಲ್ಲಿ?" ಎಂದು ಕೇಳಿದ. ಕಾಕಾ ಕಿಟಕಿಯ ಕಡೆ ಮುಖ ತಿರುಗಿಸಿದ. ಜನ ತೂಗಾಡುತ್ತ ನಿಂತಿದ್ದರು, ಆ ಟವೆಲಿನ ಮೇಲೆ ಯಾರೂ ಕೂಡಲಿಲ್ಲ. ದಾರಿಯ ಊರು ಮುಚ್ಚಂಡಿಯಲ್ಲಿ ಕಂಕುಳಲ್ಲಿ ಕೂಸಿದ್ದ ಒಬ್ಬ ಹೆಣ್ಣುಮಗಳು ಹತ್ತಿದಳು. ನಮ್ಮ ಸೀಟಿನ ಕಂಬಿ ಹಿಡಿದು ನಿಂತು ಟವೆಲನ್ನೂ ನನ್ನನ್ನೂ ನೋಡಿದಳು. ಆ ದಿನದ ಬೇರೆ ಯಾವುದರ ಬಗ್ಗೆಯಾದರೂ ನೀವು ನನ್ನನ್ನು ಅನುಮಾನಿಸಬಹುದು. ಟವೆಲು ಎತ್ತಿ ಮಡಿಚಿ ತೊಡೆಯ ಮೇಲಿಟ್ಟುಕೊಂಡವಳು ನಾನೇ.